ನವಿಲುಗರಿಯೂ ಬೆಳಕಿನ ಕಣಿಯೂ

ಈ ಸಲದ ಪುಸ್ತಕಕ್ಕೆ ನೀವೂ ಒಂದು ಚರಿತ್ರೆಯ ಲೇಖನ ಬರೆಯಬೇಕು ಎಂದು ನಮ್ಮ ವಾಚನಾಲಯದವರು ಹೇಳಿದಾಗ ನಾನು ಮೊದಲು ನಕ್ಕುಬಿಟ್ಟೆ. ನಾನು ಏಳನೇ ಕ್ಲಾಸು ಓದಿದವ. ಸ್ವಲ್ಪ ಅಡಿಕೆ ತೋಟ, ಒಂದು ತುಂಡು ಗದ್ದೆ, ಮತ್ತೆ ಅಮ್ಮನ ಬಾಯಿಂದ ನನ್ನ ಬಾಯಿಗೆ ಬಂದ ಪಾಡ್ದನ, ಭಜನೆ, ನೇಜಿಯ ಹಾಡು. ಇಷ್ಟೇ ನನ್ನ ಆಸ್ತಿ. ಮಂಜೇಶ್ವರ ಗೋವಿಂದ ಪೈಗಳು ಇದ್ದ ಊರು. ಊರಿನ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ, ನಾನು ಅದಕ್ಕೆ ಕೈ ಹಾಕುವುದಿಲ್ಲ. ನಾನು ಬರೆಯುವುದು ಬೆಳಕಿನ ಚರಿತ್ರೆ. ಬೆಳಕನ್ನು ಕೂದಲಿಗಿಂತ ಸಪೂರದ ಕಣಿಯಲ್ಲಿ ಹರಿಸಿ, ಅದರಿಂದ ಗುಟ್ಟು ಕಾಯುವ ಕೆಲಸ ಮಾಡಿಸುವ ಒಂದು ವಿದ್ಯೆ ಈಗ ಬಂದದ್ದುಂಟು. ಆ ವಿದ್ಯೆ ನಮ್ಮ ಮಗ್ಗುಲಲ್ಲೇ ಹಾದು ಹೋಯಿತು, ನಮಗೆ ಯಾರೂ ಹೇಳಲಿಲ್ಲ. ಅದಕ್ಕೆ ಬರೆಯಲು ಕೂತೆ.

ಇದರಲ್ಲಿ ವಿಜ್ಞಾನದ ಮಾತು ಬರುವಲ್ಲೆಲ್ಲ ನನ್ನ ತಂಗಿಯ ಮಗಳ ಸಹಾಯ ಉಂಟು. ಅವಳು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ನಾನು ಕೇಳಿದ್ದನ್ನೇ ಹತ್ತು ಸಲ ಕೇಳಿದರೂ ಬೇಸರ ಮಾಡದೆ ಹೇಳಿದ್ದಾಳೆ. ಹೋಲಿಕೆಗಳು ಮಾತ್ರ ನನ್ನವು.

ಮೊದಲು ನವಿಲುಗರಿಯ ಕಥೆ ಹೇಳುತ್ತೇನೆ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಸಣ್ಣ ಯಕ್ಷಗಾನ ಮಾಡುವುದೆಂದು ಆಯಿತು. ನನ್ನದು ಕೃಷ್ಣನ ವೇಷ. ಮುಖಕ್ಕೆ ನೀಲಿ ಬೇಕು. ಅಂಗಡಿಯಿಂದ ಬಣ್ಣ ತರಲಿಕ್ಕೆ ದುಡ್ಡಿಲ್ಲ. ಗುಡ್ಡೆಯಲ್ಲಿ ಬಿದ್ದಿದ್ದ ನವಿಲುಗರಿ ಮೂರು ನಾಲ್ಕು ನನ್ನ ಹತ್ತಿರ ಇತ್ತು. ಅದರ ಕಣ್ಣಿನ ನೀಲಿ ಭಾಗವನ್ನು ಕತ್ತರಿಸಿ ಅರೆಯುವ ಕಲ್ಲಿನಲ್ಲಿ ಹಾಕಿ ಅರೆದೆ. ನೀಲಿ ಬರಬೇಕಲ್ಲ? ಬರಲಿಲ್ಲ. ಕೊನೆಗೆ ಉಳಿದದ್ದು ಕಾಫಿ ಚರಟದ ಹಾಗಿನ ಕಂದು ಹುಡಿ. ಕಲ್ಲು ಹಾಳು ಮಾಡಿದೆ ಎಂದು ಅಮ್ಮನಿಂದ ಪೆಟ್ಟು ಸಿಕ್ಕಿತು. ಮರುದಿನ ಕ್ಲಾಸಿನಲ್ಲಿ ಎದ್ದು ನಿಂತು, ನವಿಲುಗರಿ ಅರೆದರೆ ನೀಲಿ ಎಲ್ಲಿಗೆ ಹೋಗ್ತದೆ ಮಾಸ್ಟರೇ ಎಂದು ಕೇಳಿದೆ. ಅದು ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದರು. ಕೂತೆ. ಮರುವರ್ಷ ಅಪ್ಪ ಹಾಸಿಗೆ ಹಿಡಿದರು, ಶಾಲೆ ಅಲ್ಲಿಗೆ ಮುಗಿಯಿತು. ಪ್ರಶ್ನೆ ಮಾತ್ರ ಐವತ್ತು ವರ್ಷ ತಲೆಯಲ್ಲಿ ಹಾಗೇ ಇತ್ತು.

ಉತ್ತರ ಈಗ ಗೊತ್ತಾಗಿದೆ. ನವಿಲುಗರಿಯಲ್ಲಿ ನೀಲಿ ಎಂಬ ಬಣ್ಣವೇ ಇಲ್ಲ. ಇರುವುದು ಕಂದು ಬಣ್ಣದ ವಸ್ತು, ನಮ್ಮ ಕೂದಲಿಗೆ ಕಪ್ಪು ಕೊಡುವಂಥದ್ದೇ. ಅದು ಗರಿಯ ಒಳಗೆ ಸಣ್ಣ ಸಣ್ಣ ಕಡ್ಡಿಗಳಾಗಿ, ನೇಜಿ ನೆಟ್ಟ ಹಾಗೆ ಸಾಲು ಸಾಲಾಗಿ ನಿಂತಿದೆ. ಈ ಸಾಲಿನ ಅಂತರ ಎಷ್ಟಿದೆಯೋ ಅದಕ್ಕೆ ಹೊಂದುವ ಬೆಳಕು ಮಾತ್ರ ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಚೀನಾದ ವಿಜ್ಞಾನಿಗಳು 2003ರಲ್ಲಿ ಇದನ್ನು ಅಳೆದು ಬರೆದರು. ನೀಲಿ ಇರುವಲ್ಲಿ ಅಂತರ ಸುಮಾರು 140 ನ್ಯಾನೋಮೀಟರ್, ಹಸಿರು ಇರುವಲ್ಲಿ ಸುಮಾರು 150. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಮೀಟರ್ ಎಂದು ಹೆಸರು. ಅಂದರೆ ಹತ್ತು ನ್ಯಾನೋಮೀಟರ್ ಆಚೀಚೆಯಾದರೆ ನೀಲಿ ಹೋಗಿ ಹಸಿರಾಗುತ್ತದೆ. ನಾನು ಕಲ್ಲಿನಲ್ಲಿ ಅರೆದದ್ದು ಬಣ್ಣವನ್ನಲ್ಲ, ಸಾಲನ್ನು. ನೆಟ್ಟ ಗದ್ದೆಗೆ ಕೋಣ ಬಿಟ್ಟ ಹಾಗೆ ಆಯಿತು.

ಇಂಥ ಪ್ರಶ್ನೆಯನ್ನು ದೊಡ್ಡವರೂ ಕೇಳಿದ್ದಾರೆ ಎಂದು ಗೊತ್ತಾದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬವನು ನವಿಲುಗರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೀರಿನಲ್ಲಿ ಒದ್ದೆ ಮಾಡಿದರೆ ಅದರ ಬಣ್ಣ ಹೋಗುತ್ತದೆ ಎಂದು ಬರೆದಿದ್ದ. ನಮ್ಮಲ್ಲಿ ಸಿ.ವಿ. ರಾಮನ್ ಕೇಳಿದರು. ಅವರು 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ, ನಿರ್ದೇಶಕರಾಗಿ ಬಂದರು. ಆ ಜಾಗದಲ್ಲಿ ಕೂತ ಮೊದಲ ಭಾರತೀಯ ಅವರೇ. ಮರುವರ್ಷ 1934ರಲ್ಲಿ ವಿಜ್ಞಾನ ಅಕಾಡೆಮಿ ಕಟ್ಟಿದರು. ಆ ಅಕಾಡೆಮಿಯ ಪತ್ರಿಕೆಯ ಮೊದಲ ಸಂಪುಟದಲ್ಲೇ ಹಕ್ಕಿ ಗರಿಯ ಬಣ್ಣದ ಬಗ್ಗೆ ರಾಮನ್ ಬರೆದ ಲೇಖನ ಉಂಟು. ಅವರು ನೋಡಿದ್ದು ನೀಲಕಂಠ ಹಕ್ಕಿಯ ಗರಿ. ನಮ್ಮ ಬೈಲಿನಲ್ಲಿ ಕರೆಂಟಿನ ತಂತಿಯ ಮೇಲೆ ಸುಮ್ಮನೆ ಕೂತು, ಹಾರುವಾಗ ಮಾತ್ರ ರೆಕ್ಕೆ ಬಿಚ್ಚಿ ನೀಲಿ ತೋರಿಸುತ್ತದಲ್ಲ, ಅದೇ. ಕರ್ನಾಟಕದ ರಾಜ್ಯಪಕ್ಷಿಯೂ ಅದೇ. ಆ ನೀಲಿ ಕೂಡ ಹಚ್ಚಿದ ಬಣ್ಣವಲ್ಲ, ಗರಿಯೊಳಗಿನ ಕಟ್ಟೋಣದಿಂದ ಬಂದದ್ದು. ರಾಮನ್ ಮತ್ತೆ ಕಡಲಿನ ಚಿಪ್ಪು, ಮುತ್ತಿನ ಹೊಳಪು ಎಲ್ಲ ನೋಡಿದರು. ನೊಬೆಲ್ ಬಹುಮಾನ 1930ರಲ್ಲೇ ಬಂದಿತ್ತು. ಮತ್ತೂ ಗರಿ, ಚಿಪ್ಪು ಹೆಕ್ಕಿ ನೋಡುವುದನ್ನು ಬಿಡಲಿಲ್ಲ.

ರಾಮನ್ ಶಬ್ದದ ವಿಷಯದಲ್ಲೂ ಕೆಲಸ ಮಾಡಿದವರು ಎಂಬುದು ಹಾಡುವವನಾದ ನನಗೆ ಇನ್ನೂ ಹತ್ತಿರದ ಮಾತು. ಮೃದಂಗ, ತಬಲಗಳ ನಡುವೆ ಕಪ್ಪು ಕರಣೆ ಹಾಕುತ್ತಾರಲ್ಲ, ಅದರಿಂದಲೇ ಆ ಚರ್ಮದಿಂದ ಶ್ರುತಿಬದ್ಧ ಸ್ವರ ಬರುತ್ತದೆ ಎಂದು 1920ರಲ್ಲೇ ಬರೆದಿದ್ದರು. 1921ರಲ್ಲಿ ಲಂಡನ್ನಿಗೆ ಹೋದಾಗ ಅಲ್ಲಿನ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟದಲ್ಲಿ ಪರೀಕ್ಷೆ ಮಾಡಿದರು. ಆ ಗುಮ್ಮಟದ ಒಳಗೋಡೆಗೆ ಬಾಯಿ ಇಟ್ಟು ಪಿಸುಗುಟ್ಟಿದರೆ ಎದುರು ಬದಿಯಲ್ಲಿ ಗೋಡೆಗೆ ಕಿವಿ ಇಟ್ಟವನಿಗೆ ಕೇಳುತ್ತದೆ. ಶಬ್ದ ನಡುವಿನ ಗಾಳಿಯಲ್ಲಿ ಹೋಗದೆ, ಬಾಗಿದ ಗೋಡೆಗೆ ಅಂಟಿಕೊಂಡೇ ಸುತ್ತು ಹಾಕುತ್ತದೆ ಎಂದು ರೇಲೆ ಎಂಬ ವಿಜ್ಞಾನಿ ಮೊದಲೇ ಹೇಳಿದ್ದ. ರಾಮನ್ ಮತ್ತು ಸದರ್‌ಲ್ಯಾಂಡ್ ಅದನ್ನು ಇನ್ನೂ ನಯವಾಗಿ ಅಳೆದರು.

ಇಂಥದ್ದನ್ನು ನೋಡಲಿಕ್ಕೆ ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ವಿಜಯಪುರದ ಗೋಲಗುಮ್ಮಟ ಉಂಟು. ಒಮ್ಮೆ ಹಾಡಿನ ತಂಡದ ಜೊತೆ ಆ ಕಡೆ ಹೋದಾಗ ನಾನೂ ಮೆಟ್ಟಿಲು ಹತ್ತಿದ್ದೆ. ಒಳಗೆ ಸುಮಾರು 38 ಮೀಟರ್ ಅಗಲ. ನಮ್ಮ ಹುಡುಗ ಆ ಬದಿಯಲ್ಲಿ ಗೋಡೆಗೆ ಬಾಯಿ ಕೊಟ್ಟು ಮೆಲ್ಲನೆ ನನ್ನ ಹೆಸರು ಹೇಳಿದ. ನನಗೆ ಕಿವಿಯ ಹತ್ತಿರವೇ ಹೇಳಿದ ಹಾಗೆ ಕೇಳಿಸಿತು. ಮುಹಮ್ಮದ್ ಆದಿಲ್ ಶಾಹನ ಸಮಾಧಿ ಅದು. ಅವನು ತೀರಿಹೋದದ್ದು 1656ರಲ್ಲಿ. ಅವನ ತಂದೆ ಎರಡನೇ ಇಬ್ರಾಹಿಂ ಸಂಗೀತದ ಹುಚ್ಚಿನ ರಾಜ. ಮಗನ ಗೋರಿಯೇ ಹಾಡುವ ಕಟ್ಟಡ ಆಯಿತು. ಈ ಗೋಡೆಯ ಸುತ್ತು ಹಾಕುವ ಪಿಸುಮಾತನ್ನು ನೆನಪಿನಲ್ಲಿ ಇಟ್ಟುಕೊಳ್ಳಿ. ಮುಂದೆ ಇದೇ ಕೆಲಸವನ್ನು ಬೆಳಕು ಮಾಡುತ್ತದೆ.

ಇನ್ನು 1956. ನಮ್ಮ ಕಾಸರಗೋಡಿನವರಿಗೆ ಆ ವರ್ಷ ಮರೆಯುವುದಿಲ್ಲ. ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು. ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯಲ್ಲಿ ಪಂಚರತ್ನಂ ಎಂಬ 22 ವರ್ಷದ ಹುಡುಗ ಒಂದು ಲೇಖನ ಬರೆದ. ಅವನು ರಾಮನ್ನರ ಸಂಬಂಧಿಕನೇ. ಬೆಳಕಿನ ಅಲೆ ಮೇಲೆ ಕೆಳಗೆ ಅಲುಗಬಹುದು, ಅಡ್ಡಕ್ಕೆ ಅಲುಗಬಹುದು, ಓರೆಯಾಗಿ ಅಲುಗಬಹುದು, ತಿರುಗುತ್ತಲೂ ಹೋಗಬಹುದು. ಈ ಅಲುಗಾಟವನ್ನು ಒಂದರಿಂದ ಒಂದಕ್ಕೆ ಬದಲಿಸುತ್ತ, ಕೊನೆಗೆ ಹೊರಟ ಕಡೆಗೇ ತಂದು ನಿಲ್ಲಿಸಿದರೆ ಬೆಳಕು ಮೊದಲಿನ ಹಾಗೇ ಇರಬೇಕಲ್ಲ? ಪೂರ್ತಿ ಹಾಗೇ ಇರುವುದಿಲ್ಲ ಎಂದು ಪಂಚರತ್ನಂ ತೋರಿಸಿದ. ಸುತ್ತಿ ಬಂದ ದಾರಿಯ ಲೆಕ್ಕ ಅದರ ಅಲೆಯಲ್ಲಿ ಉಳಿಯುತ್ತದೆ. ನಾವು ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕಿ ಹೊರಟ ಜಾಗಕ್ಕೇ ಬರುತ್ತೇವೆ. ಆದರೂ ಸುತ್ತು ಬಂದವನಿಗೂ ಅಲ್ಲೇ ನಿಂತವನಿಗೂ ವ್ಯತ್ಯಾಸ ಉಂಟಲ್ಲ, ಹಾಗೆ.

ಆ ಲೇಖನವನ್ನು ಮೂವತ್ತು ವರ್ಷ ಹೆಚ್ಚಿನವರು ಗಮನಿಸಲಿಲ್ಲ. ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿ, ಮತ್ತೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಗಿ, ಅಲ್ಲೇ 1969ರಲ್ಲಿ 35ನೇ ವಯಸ್ಸಿಗೆ ತೀರಿಹೋದ. 1984ರಲ್ಲಿ ಮೈಕೆಲ್ ಬೆರ್ರಿ ಎಂಬ ಇಂಗ್ಲೆಂಡಿನ ವಿಜ್ಞಾನಿ ಇದೇ ಜಾತಿಯ ವಿಷಯವನ್ನು ತನ್ನಷ್ಟಕ್ಕೆ ಕಂಡು ಬರೆದ. ಲೋಕವೆಲ್ಲ ಅದನ್ನು ಹೊಗಳಿತು. ಆಗ ಬೆಂಗಳೂರಿನ ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ, 1986ರಲ್ಲಿ, ಇದರ ಒಂದು ರೂಪ ನಮ್ಮ ಪಂಚರತ್ನಂ ಬರೆದದ್ದರಲ್ಲಿ ಮೊದಲೇ ಉಂಟು ಎಂದು ತೋರಿಸಿಕೊಟ್ಟರು. ಬೆರ್ರಿಯವರು ದೊಡ್ಡ ಮನಸ್ಸಿನವರು, ಒಪ್ಪಿಕೊಂಡು ತಾವೇ ಅದರ ಬಗ್ಗೆ ಬರೆದರು. ಈಗ ಗಾಜಿನ ಮೇಲೆ ನ್ಯಾನೋ ಅಳತೆಯ ಕಂಬಗಳನ್ನು ಬೇರೆ ಬೇರೆ ಕೋನಕ್ಕೆ ತಿರುಗಿಸಿ ನೆಟ್ಟು, ಕಾಗದದಷ್ಟು ಚಪ್ಪಟೆಯಾದ ಲೆನ್ಸು ಮಾಡುತ್ತಾರೆ. ಕಂಬ ಎಷ್ಟು ತಿರುಗಿದೆಯೋ ಅದಕ್ಕೆ ಸರಿಯಾಗಿ ಬೆಳಕಿನ ಅಲೆ ಹಿಂದೆ ಮುಂದೆ ಆಗುತ್ತದೆ. ಆ ಲೆಕ್ಕದ ಹೆಸರಿನಲ್ಲಿ ಪಂಚರತ್ನಂ ಹೆಸರೂ ಸೇರಿದೆ. ಬದುಕಿದ್ದಾಗ ಅವನಿಗೆ ಇದು ಗೊತ್ತಾಗಲಿಲ್ಲ.

ಈಗ 1984ಕ್ಕೆ ಬರುತ್ತೇನೆ. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆ ಆಯಿತು. ನಾನು ಆಗ ಊರಿನಲ್ಲಿ ಇರಲಿಲ್ಲ. ಈ ಭಾಗದ ಎಷ್ಟೋ ಹುಡುಗರ ಹಾಗೆ ನಾನೂ ಬೆಂಗಳೂರಿಗೆ ಹೋಗಿ, ಮೆಜೆಸ್ಟಿಕ್ ಕಡೆಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ಡಿಸೆಂಬರಿನ ಚಳಿ, ಬೆಳಿಗ್ಗೆ ನಾಲ್ಕಕ್ಕೆ ನೀರಿಗೆ ಕೈ ಹಾಕಬೇಕು. ಆ ಡಿಸೆಂಬರಿನ 10ರಿಂದ 12ನೇ ತಾರೀಕಿನವರೆಗೆ ಅದೇ ಬೆಂಗಳೂರಿನಲ್ಲಿ ಕಂಪ್ಯೂಟರ್ ಮತ್ತು ಸಿಗ್ನಲ್ ವಿಷಯದ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅಲ್ಲಿ ಕೆನಡಾದ ಗಿಲ್ ಬ್ರಾಸಾರ್ ಒಂದು ಲೇಖನ ಮಂಡಿಸಿದರು. ಅದನ್ನು ಬರೆದದ್ದು ಅವರೂ ಅಮೆರಿಕದ ಚಾರ್ಲ್ಸ್ ಬೆನೆಟ್ಟೂ ಸೇರಿ. ಸಮ್ಮೇಳನದ ಪುಸ್ತಕದಲ್ಲಿ ಅದಕ್ಕೆ ಸಿಕ್ಕಿದ್ದು ಐದು ಪುಟ. ಬೆಳಕಿನ ಕಾಳನ್ನು ಕಳಿಸಿ ಗುಟ್ಟಿನ ಕೀಲಿ ಮಾಡುವ ವಿದ್ಯೆ ಲೋಕಕ್ಕೆ ಬಂದದ್ದು ಆ ಐದು ಪುಟದಿಂದ. ಇವತ್ತಿಗೂ ಅದಕ್ಕೆ ಆ ಇಬ್ಬರ ಹೆಸರಿನ ಮೊದಲ ಅಕ್ಷರ ಮತ್ತು 84 ಎಂಬ ವರ್ಷ ಸೇರಿಸಿ ಬಿಬಿ84 ಎಂದೇ ಹೇಳುವುದು. ಅದು ಬೆಂಗಳೂರಿನಲ್ಲಿ ಹುಟ್ಟಿದ ವರ್ಷದ ಗುರುತು. ನಾನು ಅದೇ ಪೇಟೆಯಲ್ಲಿ ಲೋಟ ತೊಳೆಯುತ್ತಿದ್ದೆ. ಗೊತ್ತಾದದ್ದು ನಲುವತ್ತು ವರ್ಷ ಕಳೆದ ಮೇಲೆ, ಅದೂ ತಂಗಿಯ ಮಗಳು ಹೇಳಿ.

ಈ ಯೋಚನೆಗೆ ಇನ್ನೂ ಒಬ್ಬ ಹಿರಿಯನುಂಟು. ಸ್ಟೀಫನ್ ವೀಸ್ನರ್. ಯಾರೂ ಖೋಟಾ ಮಾಡಲಿಕ್ಕಾಗದ ನೋಟನ್ನು ಬೆಳಕಿನ ಗುಣದಿಂದ ಮಾಡಬಹುದು ಎಂದು 1970ರ ಆಸುಪಾಸಿಗೇ ಬರೆದಿದ್ದ. ಪತ್ರಿಕೆಯವರು ಹಾಕಲಿಲ್ಲ. ಅಚ್ಚಾದದ್ದು 1983ರಲ್ಲಿ. ಅವನು ಕೊನೆಗೆ ಜೆರುಸಲೇಮಿನಲ್ಲಿ ಕಟ್ಟಡದ ಕೂಲಿ ಕೆಲಸ ಮಾಡಿಕೊಂಡಿದ್ದ. ಬೆನೆಟ್ ಅವನ ಗೆಳೆಯ. 1979ರಲ್ಲಿ ಪೋರ್ಟೊರಿಕೊ ಎಂಬ ದ್ವೀಪದಲ್ಲಿ ಬ್ರಾಸಾರ್ ಕಡಲಿನಲ್ಲಿ ಈಜುತ್ತಿದ್ದಾಗ, ಗುರುತಿಲ್ಲದ ಒಬ್ಬ ಈಜಿಕೊಂಡು ಹತ್ತಿರ ಬಂದು ಈ ನೋಟಿನ ವಿಷಯ ಹೇಳಲು ಸುರು ಮಾಡಿದನಂತೆ. ಅವನೇ ಬೆನೆಟ್. ಅಲ್ಲಿಂದ ಐದು ವರ್ಷಕ್ಕೆ ಬೆಂಗಳೂರು.

ವಿದ್ಯೆ ಎಂತದು ಎಂದು ನನಗೆ ತಿಳಿದ ಹಾಗೆ ಹೇಳುತ್ತೇನೆ. ಬೆಳಕು ನೀರಿನ ಹಾಗೆ ಹರಿಯುವುದು ಕಾಣುತ್ತದೆ. ಕಡಿಮೆ ಮಾಡುತ್ತ ಮಾಡುತ್ತ ಹೋದರೆ ಕೊನೆಗೆ ಭತ್ತದ ಹಾಗೆ ಒಂದೊಂದೇ ಕಾಳಾಗಿ ಬರುತ್ತದೆ. ಈ ಕಾಳಿಗೆ ಫೋಟಾನ್ ಎಂದು ಹೆಸರು. 1905ರಲ್ಲಿ ಐನ್‌ಸ್ಟೈನ್ ಬೆಳಕಿಗೆ ಕಾಳಿನ ಗುಣ ಉಂಟು ಎಂದರು. ಆ ಕಾಳುಗಳನ್ನು ಎಣಿಸುವ ಸರಿಯಾದ ಲೆಕ್ಕವನ್ನು 1924ರಲ್ಲಿ ಢಾಕಾದಿಂದ ಬರೆದು ಕಳಿಸಿದ್ದು ನಮ್ಮ ಸತ್ಯೇಂದ್ರನಾಥ ಬೋಸ್.

ಈಗ ಒಂದು ಹಗ್ಗವನ್ನು ತೆಂಗಿನ ಮರಕ್ಕೆ ಕಟ್ಟಿ, ಬೇಲಿಯ ಎರಡು ಗೂಟಗಳ ಸಂದಿನಿಂದ ದಾಟಿಸಿ ಹಿಡಿಯಿರಿ. ಮೇಲೆ ಕೆಳಗೆ ಅಲುಗಿಸಿದರೆ ಅಲೆ ಸಂದು ದಾಟುತ್ತದೆ. ಅಡ್ಡಕ್ಕೆ ಅಲುಗಿಸಿದರೆ ಗೂಟಕ್ಕೆ ಬಡಿದು ನಿಲ್ಲುತ್ತದೆ. ಓರೆಯಾಗಿ ಅಲುಗಿಸಿದರೆ ಸ್ವಲ್ಪ ದಾಟುತ್ತದೆ, ಸ್ವಲ್ಪ ನಿಲ್ಲುತ್ತದೆ. ಆದರೆ ಬೆಳಕಿನ ಒಂದೇ ಕಾಳು ಹಾಗೆ ತುಂಡಾಗುವುದಿಲ್ಲ. ದಾಟಿದರೆ ಪೂರ್ತಿ ದಾಟಬೇಕು, ಇಲ್ಲದಿದ್ದರೆ ಇಲ್ಲ. ಓರೆ ಕಾಳು ನೇರ ಬೇಲಿಗೆ ಬಂದರೆ ಎರಡರಲ್ಲಿ ಒಂದು ಸಲ ದಾಟುತ್ತದೆ. ದಾಟಿದ ಮೇಲೆ ಅದು ಓರೆಯಾಗಿ ಉಳಿಯುವುದಿಲ್ಲ, ನೇರ ಆಗಿಬಿಡುತ್ತದೆ. ಹಿಂದೆ ಹೇಗಿತ್ತು ಎಂದು ತಿಳಿಯುವ ದಾರಿ ಮತ್ತೆ ಇಲ್ಲ. ಬೇರೆ ಉಪಾಯ, ಅದರ ನಕಲು ತೆಗೆದು ಇಟ್ಟುಕೊಳ್ಳುವ ಎಂದರೆ ಅದೂ ಆಗುವುದಿಲ್ಲ. ಗೊತ್ತಿಲ್ಲದ ಬೆಳಕಿನ ಕಾಳಿನ ಸರಿಯಾದ ನಕಲು ಮಾಡಲಿಕ್ಕೆ ಸಾಧ್ಯವಿಲ್ಲ ಎಂದು 1982ರಲ್ಲಿ ಲೆಕ್ಕ ಮಾಡಿ ತೋರಿಸಿದ್ದಾರೆ.

ಕಳಿಸುವವನು ಒಂದೊಂದು ಕಾಳನ್ನು ಮನಸ್ಸು ಬಂದ ಹಾಗೆ ನೇರ ಲೆಕ್ಕದಲ್ಲೋ ಓರೆ ಲೆಕ್ಕದಲ್ಲೋ ಕಳಿಸುತ್ತಾನೆ. ತೆಗೆದುಕೊಳ್ಳುವವನೂ ತನ್ನ ಬೇಲಿಯನ್ನು ಮನಸ್ಸು ಬಂದ ಹಾಗೆ ಇಡುತ್ತಾನೆ. ಎಲ್ಲ ಮುಗಿದ ಮೇಲೆ, ಯಾವ ಬೇಲಿ ಇಟ್ಟದ್ದು ಎಂದು ಮಾತ್ರ ಬಹಿರಂಗವಾಗಿ ಹೇಳಿಕೊಂಡು, ಇಬ್ಬರದ್ದೂ ಒಂದೇ ಆದದ್ದನ್ನು ಇಟ್ಟುಕೊಳ್ಳುತ್ತಾರೆ. ಅದೇ ಗುಟ್ಟಿನ ಕೀಲಿ. ನಡುವೆ ಒಬ್ಬ ಕಳ್ಳ ಪ್ರತಿಯೊಂದು ಕಾಳನ್ನೂ ಹಿಡಿದು ನೋಡಿ ಮುಂದೆ ಬಿಟ್ಟರೆ, ಅವನಿಗೆ ಬೇಲಿ ಯಾವುದೆಂದು ಗೊತ್ತಿಲ್ಲದ್ದರಿಂದ, ಇಟ್ಟುಕೊಂಡ ನಾಲ್ಕರಲ್ಲಿ ಸುಮಾರು ಒಂದು ತಪ್ಪಾಗುತ್ತದೆ. ಇವರು ಕೆಲವನ್ನು ಹೋಲಿಸಿ ನೋಡಿದರೆ ಕಳ್ಳ ಬಂದದ್ದು ತಿಳಿಯುತ್ತದೆ. ಆ ಕೀಲಿಯನ್ನು ಬಿಸಾಡಿ ಹೊಸತು ಮಾಡಿದರಾಯಿತು.

ಇದನ್ನು ಕೇಳುವಾಗ ನನಗೆ ನೇಜಿಯ ಗದ್ದೆ ನೆನಪಾಯಿತು. ಹೆಂಗಸರು ಬಗ್ಗಿ ನೆಡುತ್ತ ಹಾಡುತ್ತಾರೆ. ಕಟ್ಟಪುಣಿಯಲ್ಲಿ ಗುರುತಿಲ್ಲದವರು ಬಂದು ಕೇಳುತ್ತ ನಿಂತರೆ ಹಾಡು ನಿಲ್ಲುವುದಿಲ್ಲ, ಆದರೆ ಧಾಟಿ ಸ್ವಲ್ಪ ಬದಲಾಗುತ್ತದೆ. ಗದ್ದೆಯ ಈ ತುದಿಯಲ್ಲಿ ನಮ್ಮಮ್ಮ ತಲೆ ಎತ್ತದೆಯೇ, ಯಾರೋ ಬಂದಿದ್ದಾರೆ ನೋಡು ಎನ್ನುತ್ತಿದ್ದಳು. ಕದ್ದು ಕೇಳಿದ್ದು ಹಾಡಿನಲ್ಲೇ ಗೊತ್ತಾಗುತ್ತಿತ್ತು.

ಬೆಂಗಳೂರಿನಲ್ಲಿ ಓದಿದ ಲೇಖನ ಯಂತ್ರವಾದದ್ದು 1989ರಲ್ಲಿ, ಅಮೆರಿಕದ ಐಬಿಎಂ ಕಂಪೆನಿಯ ಪ್ರಯೋಗಶಾಲೆಯಲ್ಲಿ. ಬೆಳಕಿನ ಕಾಳು ಹೋದ ದೂರ ಸುಮಾರು 32 ಸೆಂಟಿಮೀಟರ್, ಎಂದರೆ ಒಂದು ಅಡಿಗಿಂತ ಸ್ವಲ್ಪ ಹೆಚ್ಚು. ಒಂದು ತಮಾಷೆಯೂ ಉಂಟು. ಬೇಲಿ ತಿರುಗಿಸುವ ಆ ಯಂತ್ರ ಪ್ರತಿಯೊಂದು ಕೋನಕ್ಕೂ ಬೇರೆ ಬೇರೆ ಶಬ್ದ ಮಾಡುತ್ತಿತ್ತಂತೆ. ಕಿವಿ ಕೊಟ್ಟು ಕೇಳಿದವನಿಗೆ ಗುಟ್ಟೆಲ್ಲ ಗೊತ್ತಾಗಬಹುದಿತ್ತು. ಕಳ್ಳ ಕಿವುಡನಾದರೆ ಮಾತ್ರ ನಮ್ಮ ಗುಟ್ಟು ಭದ್ರ ಎಂದು ಬ್ರಾಸಾರರೇ ಮುಂದೆ ನಗಾಡಿಕೊಂಡು ಬರೆದಿದ್ದಾರೆ.

ಆ ಯಂತ್ರ ಮೇಜು ತುಂಬ ಇತ್ತು. ಕನ್ನಡಿ, ಲೆನ್ಸು, ಪೆಟ್ಟಿಗೆ. ಮೇಜು ಅಲುಗಿದರೆ, ಕೋಣೆಯ ಸೆಕೆ ಹೆಚ್ಚಾದರೆ ಎಲ್ಲ ತಪ್ಪುತ್ತದೆ. ಅಂಥದ್ದನ್ನು ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಉಪಗ್ರಹದಲ್ಲಿ ಇಡಲಿಕ್ಕೆ ಆಗುತ್ತದಾ? ಆಗಬೇಕಾದರೆ ಇಡೀ ಮೇಜನ್ನು ಬೆರಳಿನ ಉಗುರಿನಷ್ಟು ಚಿಪ್ಪಿನ ಮೇಲೆ ಇಳಿಸಬೇಕು. ನ್ಯಾನೋಫೋಟಾನಿಕ್ಸ್ ಎಂದು ಹೇಳುವ ವಿದ್ಯೆ ಬೇಕಾದದ್ದು ಅಲ್ಲಿ.

ನಮ್ಮ ಅಡಿಕೆ ತೋಟದಲ್ಲಿ ಕಣಿ ತೋಡುತ್ತೇವೆ. ನೀರು ಕಣಿಯಲ್ಲೇ ಹೋಗಬೇಕು, ಬುಡದಲ್ಲಿ ನಿಲ್ಲಬಾರದು. ಚಿಪ್ಪಿನ ಮೇಲೆ ಬೆಳಕಿಗೂ ಹಾಗೇ ದಾರಿ ಮಾಡುತ್ತಾರೆ. ಆದರೆ ತೋಡುವುದಲ್ಲ, ಸಿಲಿಕಾನಿನ ಸಪೂರ ಪಟ್ಟಿಯನ್ನು ಉಳಿಸಿ ಸುತ್ತಲಿನದ್ದನ್ನು ಕೆತ್ತಿ ತೆಗೆಯುವುದು. ಪಟ್ಟಿಯ ಅಗಲ ಸುಮಾರು 450 ನ್ಯಾನೋಮೀಟರ್, ಎತ್ತರ ಸುಮಾರು 220. ನಮ್ಮ ತಲೆಕೂದಲು 80,000 ನ್ಯಾನೋಮೀಟರ್ ದಪ್ಪ ಎಂದು ಹಿಡಿದರೆ, ಅದರ ನೂರೆಂಬತ್ತನೇ ಒಂದು ಪಾಲಿಗೆ ಹತ್ತಿರ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ, ಕೆಂಪಿಗಿಂತ ಆಚೆಯ ಬೆಳಕು. ಆ ಬೆಳಕಿಗೆ ಸಿಲಿಕಾನು ಗಾಜಿನ ಹಾಗೆ ಪಾರದರ್ಶಕ. ಸುತ್ತಲಿನ ಗಾಜಿಗಿಂತ ಸಿಲಿಕಾನಿನಲ್ಲಿ ಬೆಳಕು ನಿಧಾನವಾಗಿ ಹೋಗುವುದರಿಂದ ಅದು ಪಟ್ಟಿ ಬಿಟ್ಟು ಹೊರಗೆ ಓಡುವುದಿಲ್ಲ. ಎರಡು ಪಟ್ಟಿಗಳನ್ನು ತಾಗದ ಹಾಗೆ ತೀರ ಹತ್ತಿರ ತಂದರೆ, ಪುಣಿಯ ಆಚೆ ಬದಿಗೆ ನೀರು ಜಿನುಗುವ ಹಾಗೆ, ಬೆಳಕು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ಅಂತರ ಮತ್ತು ಉದ್ದ ನೋಡಿ ಇಟ್ಟರೆ ಅರ್ಧ ಈಚೆ, ಅರ್ಧ ಆಚೆ ಎಂದು ಪಾಲು ಮಾಡಬಹುದು. ಮೇಜಿನ ಮೇಲಿನ ಕನ್ನಡಿಯ ಕೆಲಸ ಅಲ್ಲಿಗೆ ಮುಗಿಯಿತು.

ಈಗ ಗೋಲಗುಮ್ಮಟ ನೆನಪು ಮಾಡಿಕೊಳ್ಳಿ. ಆ ಪಟ್ಟಿಯನ್ನು ಬಳೆಯ ಹಾಗೆ ಸುತ್ತಾಗಿ ಮಾಡಿದರೆ ಬೆಳಕು ಅದರೊಳಗೆ ಸುತ್ತು ಮೇಲೆ ಸುತ್ತು ಹಾಕುತ್ತದೆ. ಸುತ್ತಿಗೆ ಹೊಂದುವ ಬೆಳಕು ಮಾತ್ರ ಬಲವಾಗುತ್ತ ಹೋಗುತ್ತದೆ. ಹಾಗೆ ಬಲವಾದಾಗ ಎಂದಾದರೊಮ್ಮೆ ಎರಡು ಕಾಳುಗಳು ಅವಳಿಯಾಗಿ ಹುಟ್ಟಿ ಹೊರಬರುತ್ತವೆ. ಒಂದು ಸಿಕ್ಕಿತು ಎಂದರೆ ಇನ್ನೊಂದು ಉಂಟು ಎಂದು ಲೆಕ್ಕ. ಒಂಟಿ ಕಾಳು ಪಡೆಯಲಿಕ್ಕೆ ಇದು ಒಂದು ದಾರಿ. ಗುಂಡಗಿನ ಗಾಜಿನ ಮಣಿಯಲ್ಲಿ ಬೆಳಕು ಹೀಗೆ ಅಂಚು ಹಿಡಿದು ಸುತ್ತುವುದಕ್ಕೆ ವಿಜ್ಞಾನಿಗಳು ಇವತ್ತಿಗೂ ಪಿಸುಮಾತಿನ ಗ್ಯಾಲರಿ ಎಂಬ ಹೆಸರನ್ನೇ ಹೇಳುತ್ತಾರೆ.

ನವಿಲುಗರಿಯೂ ಈ ಕೆಲಸಕ್ಕೆ ಬಂತು. 1987ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಬರೆದರು. ಬೆಳಕಿನ ಅಲೆಯಷ್ಟೇ ಸಣ್ಣ ಅಂತರದಲ್ಲಿ ಸಾಲು ಸಾಲಾಗಿ ತೂತೋ ಕಡ್ಡಿಯೋ ಇಟ್ಟರೆ, ಅದರೊಳಗೆ ಕೆಲವು ಬೆಳಕಿಗೆ ಪ್ರವೇಶವೇ ಇಲ್ಲದ ಹಾಗೆ ಮಾಡಬಹುದು ಎಂದು. ಒಬ್ಬರು ಎಲಿ ಯಾಬ್ಲೊನೊವಿಚ್. ಇನ್ನೊಬ್ಬರು ಸಜೀವ್ ಜಾನ್, ನಮ್ಮ ಕೇರಳದಲ್ಲೇ ಹುಟ್ಟಿ, ಮುಂದೆ ಕೆನಡಾದ ಟೊರೊಂಟೊದಲ್ಲಿ ಪ್ರಾಧ್ಯಾಪಕರಾದವರು. ಸಾಲಿನ ನಡುವೆ ಒಂದೆರಡು ತೂತು ಮಾಡದೆ ಬಿಟ್ಟರೆ ಬೆಳಕು ಆ ಸಣ್ಣ ಜಾಗದಲ್ಲಿ, ಗೂಡಿನಲ್ಲಿ ಕೂತ ಹಾಗೆ ನಿಲ್ಲುತ್ತದೆ. ಅಲ್ಲಿ ಒಂದೇ ಒಂದು ಅಣುವನ್ನು ಇಟ್ಟು ಬೆಳಕಿನ ಒಂದೇ ಕಾಳಿನ ಜೊತೆ ಮಾತಾಡಿಸಬಹುದು. ನಾನು ಅರೆದು ಹಾಳು ಮಾಡಿದ ಸಾಲನ್ನು ಅವರು ಬೇಕೆಂದೇ ನೆಡಲು ಕಲಿತರು.

ನಮ್ಮ ದೇಶದಲ್ಲಿ ಇದು ಎಲ್ಲಿಗೆ ಬಂತು? ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 2010ರಲ್ಲಿ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರ ಸುರುವಾಯಿತು. ರಾಮನ್ ನೀಲಕಂಠದ ಗರಿ ನೋಡಿದ ಸಂಸ್ಥೆಯಲ್ಲೇ ಈಗ ಬೆಳಕಿನ ಪಟ್ಟಿ ಕೆತ್ತುತ್ತಾರೆ. ತಂಗಿಯ ಮಗಳು ಒಮ್ಮೆ ಅಂಥ ಕೋಣೆಯನ್ನು ನೋಡಿ ಬಂದಿದ್ದಾಳೆ. ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ಹಾಕಿ ಒಳಗೆ ಹೋಗಬೇಕು. ಹಳದಿ ದೀಪ ಮಾತ್ರ ಉರಿಸುವ ಜಾಗವೂ ಉಂಟು. ಒಂದು ಧೂಳಿನ ಕಣ ಬಿದ್ದರೆ ಸಾಕು, ದಿನದ ಕೆಲಸ ಹಾಳು. ಮದ್ರಾಸ್ ಐಐಟಿಯಲ್ಲೂ ಸಿಲಿಕಾನ್ ಫೋಟಾನಿಕ್ಸಿನ ಕೇಂದ್ರ ಉಂಟು. 2021ರಲ್ಲಿ ರಾಮನ್ ಸಂಶೋಧನ ಸಂಸ್ಥೆಯವರು ತಮ್ಮ ಎರಡು ಕಟ್ಟಡಗಳ ನಡುವೆ ಗಾಳಿಯಲ್ಲೇ ಬೆಳಕಿನ ಕಾಳು ಕಳಿಸಿ ಕೀಲಿ ಮಾಡಿದರು. ಅದೇ ವರ್ಷ ಇಸ್ರೋದವರು ಅಹಮದಾಬಾದಿನಲ್ಲಿ 300 ಮೀಟರ್ ದೂರಕ್ಕೆ ಮಾಡಿದರು. 2022ರಲ್ಲಿ ಡಿಆರ್‌ಡಿಒ ಮತ್ತು ದೆಹಲಿ ಐಐಟಿಯವರು ಪ್ರಯಾಗರಾಜ್ ಮತ್ತು ವಿಂಧ್ಯಾಚಲದ ನಡುವೆ, ನೆಲದಡಿಯ ಸಾಮಾನ್ಯ ಕೇಬಲಿನಲ್ಲೇ, 100 ಕಿಲೋಮೀಟರಿಗೂ ಹೆಚ್ಚು ದೂರ ಮಾಡಿ ತೋರಿಸಿದರು. 2023ರ ಏಪ್ರಿಲ್ 19ರಂದು ಕೇಂದ್ರ ಸರಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಅದರ ನಾಲ್ಕು ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ವಿಜ್ಞಾನ ಸಂಸ್ಥೆ.

ಹಾಗೆಂದು ಎಲ್ಲ ಆಗಿಹೋಯಿತು ಎಂದು ತಿಳಿಯಬೇಡಿ. ಒಳ್ಳೆಯ ಗಾಜಿನ ಕೇಬಲಿನಲ್ಲೂ 100 ಕಿಲೋಮೀಟರ್ ಹೋಗುವಾಗ ನೂರು ಕಾಳಿನಲ್ಲಿ ಒಂದೇ ಉಳಿಯುವುದು. ನಮ್ಮ ಊರಿನಿಂದ ಅತ್ತ ಕಣ್ಣೂರು ದಾಟುವಾಗಲೇ ಅಷ್ಟಾಯಿತು. ನಕಲು ಮಾಡಲಿಕ್ಕೆ ಆಗದ್ದರಿಂದ ನಡುವೆ ಬಲ ಕೊಡಲಿಕ್ಕೂ ಸುಲಭ ಇಲ್ಲ. ಒಂಟಿ ಕಾಳನ್ನು ಹಿಡಿಯುವ ಒಂದು ಒಳ್ಳೆಯ ಜಾತಿಯ ಸಪೂರ ತಂತಿಯನ್ನು ಸೊನ್ನೆಗಿಂತ ಸುಮಾರು 270 ಡಿಗ್ರಿ ಕೆಳಗೆ ತಣ್ಣಗೆ ಮಾಡಿ ಇಡಬೇಕು. ಕಾಳು ಕಳೆದುಹೋಗದ ಪಟ್ಟಿ, ಬೇಕೆಂದಾಗ ಕಾಳು ಕೊಡುವ ಬಳೆ, ಹಿಡಿಯುವ ತಂತಿ, ಇದೆಲ್ಲ ಒಂದೇ ಚಿಪ್ಪಿನ ಮೇಲೆ ಜಗಳ ಮಾಡದೆ ಇರಬೇಕು. ಈಗ ಲೋಕದಲ್ಲಿ ನಡೆಯುವ ಕೆಲಸ ಅದು.

ಇದೆಲ್ಲ ಕೃಷಿಕನಿಗೆ ಯಾಕೆ ಎಂದು ಕೇಳಬಹುದು. ಮೂರು ವರ್ಷದ ಹಿಂದೆ ಅಡಿಕೆ ಮಾರಿದ ಹಣ ಬ್ಯಾಂಕಿನಲ್ಲಿತ್ತು. ಒಂದು ದಿನ ಫೋನು ಬಂತು. ನಯವಾದ ಮಾತು, ಅದೂ ಕನ್ನಡದಲ್ಲಿ. ನಿಮ್ಮ ಖಾತೆ ನಿಲ್ಲುತ್ತದೆ, ಬಂದ ನಂಬರು ಹೇಳಿ ಎಂದ. ಹೇಳಿದೆ. ಮೂವತ್ತೆಂಟು ಸಾವಿರ ರೂಪಾಯಿ ಹೋಯಿತು. ಮನೆಯಲ್ಲಿ ಎರಡು ದಿನ ಯಾರ ಮುಖವನ್ನೂ ನೋಡಲಿಲ್ಲ. ಬೆಳಕಿನ ಕೀಲಿಯ ವಿಷಯ ಕೇಳಿದಾಗ, ಇದು ಆಗ ಇದ್ದಿದ್ದರೆ ನನ್ನ ಹಣ ಉಳಿಯುತ್ತಿತ್ತಾ ಎಂದು ತಂಗಿಯ ಮಗಳನ್ನು ಕೇಳಿದೆ. ಇಲ್ಲ ಮಾಮ ಎಂದಳು. ಅದು ದಾರಿಯಲ್ಲಿ ಕದಿಯುವವನನ್ನು ಮಾತ್ರ ಹಿಡಿಯುತ್ತದೆ, ನೀವು ಬಾಯಿ ಬಿಟ್ಟು ಕೊಟ್ಟದ್ದನ್ನು ಅಲ್ಲ. ಅವಳು ಹೇಳಿದ್ದು ಸರಿ. ಆದರೆ ಒಟಿಪಿ ಎಂದರೆ ಎಂತದು, ಅದು ಯಾಕೆ ಗುಟ್ಟು ಎಂದು ನನ್ನ ಭಾಷೆಯಲ್ಲಿ ಯಾರಾದರೂ ಮೊದಲೇ ಹೇಳಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ. ಕಳ್ಳನಿಗೆ ಕನ್ನಡ ಬರುತ್ತಿತ್ತು. ಎಚ್ಚರಿಕೆ ಹೇಳುವ ಕಾಗದ ಮಾತ್ರ ಕನ್ನಡದಲ್ಲಿ ಬಂದಿರಲಿಲ್ಲ.

ನನಗೆ ಈ ಚರಿತ್ರೆಯಲ್ಲಿ ಕಾಣುವುದು ಇಷ್ಟು. ಗರಿ ನಮ್ಮ ಗುಡ್ಡೆಯಲ್ಲಿ ಬಿದ್ದಿತ್ತು. ಗುಮ್ಮಟ ನಮ್ಮ ನಾಡಿನದ್ದು. ಪಂಚರತ್ನಂ ಬರೆದದ್ದು, ಬ್ರಾಸಾರ್ ಓದಿದ್ದು ಬೆಂಗಳೂರಿನಲ್ಲಿ. ಯಾವುದೂ ದೂರದ್ದಲ್ಲ. ನಮಗೆ ಮುಟ್ಟಲಿಲ್ಲ, ಅಷ್ಟೆ. ಹಾಡು ಹಾಗಲ್ಲ. ಅಮ್ಮ ಹಾಡಿದ್ದನ್ನು ನಾನು ನಕಲು ಮಾಡಿದೆ, ನನ್ನದನ್ನು ಮಕ್ಕಳು ಮಾಡಿದರು, ಅದಕ್ಕೆ ಉಳಿಯಿತು. ಬೆಳಕಿನ ಕಾಳು ನಕಲಾಗದಿರುವುದೇ ಅದರ ಬಲ ಇರಬಹುದು. ಆದರೆ ಅದರ ವಿದ್ಯೆ ಬಾಯಿಂದ ಬಾಯಿಗೆ ಹೋಗಬೇಕು, ನಮ್ಮ ಮಾತಿನಲ್ಲಿ ಹೋಗಬೇಕು.

ವಾಚನಾಲಯದ ಕಪಾಟಿನ ಮೇಲೆ ಒಂದು ನವಿಲುಗರಿ ಇಟ್ಟಿದ್ದೇನೆ. ಗುಡ್ಡೆಯಲ್ಲಿ ಬಿದ್ದದ್ದೇ. ಪಕ್ಕದಲ್ಲಿ ಒಂದು ಗ್ಲಾಸು ಉಂಟು, ನೀರು ನೀವು ತನ್ನಿ. ಮಕ್ಕಳು ಯಾರು ಬೇಕಾದರೂ ಬಂದು ಗರಿಯ ತುದಿಯನ್ನು ಅದ್ದಿ ಬಣ್ಣ ಎಂತ ಆಗ್ತದೆ ನೋಡಬಹುದು. ಒಣಗಿದ ಮೇಲೆ ತಿರುಗಿ ಬರುತ್ತದಾ ಎಂದೂ ನೋಡಿ. ಪ್ರಶ್ನೆ ಇದ್ದರೆ ಅಲ್ಲಿರುವ ಪುಸ್ತಕದಲ್ಲಿ ಬರೆದಿಡಿ. ನನಗೆ ಗೊತ್ತಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ತಂಗಿಯ ಮಗಳು ರಜೆಯಲ್ಲಿ ಬಂದಾಗ ಕೇಳಿ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ, ಕೂತುಕೋ ಎಂದು ಮಾತ್ರ ಯಾರಿಗೂ ಹೇಳುವುದಿಲ್ಲ.